ಗೆರೆಯ ಮೇಲೆ ಬಿದ್ದ ಚೆಂಡು

ಶಹಾಪುರದಲ್ಲಿ ನಾನು ಬೆಳಿಗ್ಗೆ ಆರಕ್ಕೆ ಹೆಣ್ಣುಮಕ್ಕಳಿಗೆ ಟೆನಿಸ್ ಹೇಳಿಕೊಡುತ್ತೇನೆ. ಈಚೆಗೆ ಜೂನಿನಲ್ಲಿ ಒಬ್ಬ ಹೆಂಗಸು ಹತ್ತು ವರ್ಷದ ಮಗಳ ಕೈ ಹಿಡಿದು ಮೈದಾನದ ಗೇಟು ದಾಟಿ ಬಂದಳು. ಎಡಗಾಲು ಮುಂದಿಟ್ಟು ನಿಂತ ರೀತಿಯಲ್ಲೇ ಗುರುತು ಹತ್ತಿತು. ಹದಿನೈದು ವರ್ಷ ಬಸ್‌ಸ್ಟ್ಯಾಂಡಿನಲ್ಲೂ ಸಂತೆಯಲ್ಲೂ ಯಾರಿಗೆ ಎದುರಾಗಬಾರದೆಂದು ಮುಖ ತಪ್ಪಿಸಿಕೊಂಡು ಓಡಾಡಿದ್ದೆನೋ, ಆಕೆಯೇ ಅವಳು.

"ಇಕಿಗಿ ಆಟ ಕಲಿಸ್ರಿ ಮೇಡಮ್ಮಾರ" ಎಂದಳು. ಅಷ್ಟೇ. ನಾನು ಹೂಂ ಎಂದು ಹುಡುಗಿಯ ಹೆಸರು ಬರೆದುಕೊಂಡೆ. ಬರೆದದ್ದು ನನಗೇ ಓದಲು ಬರಲಿಲ್ಲ.

ಜಿಲ್ಲೆಯ ಮೊದಲ ಮಹಿಳಾ ಟೆನಿಸ್ ಚಾಂಪಿಯನ್ ಎಂದು ನನ್ನನ್ನು ಹೋದಲ್ಲೆಲ್ಲ ಪರಿಚಯ ಮಾಡಿಸುತ್ತಾರೆ. ಶಾಲೆಗಳ ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸುತ್ತಾರೆ. ಆಗೆಲ್ಲ ಸಭೆಯಲ್ಲಿ ಆಕೆ ಕೂತಿದ್ದಾಳೇನೋ ಎಂದು ನನ್ನ ಕಣ್ಣು ಹುಡುಕುತ್ತದೆ. ಯಾಕೆಂದರೆ ಆ ಪಟ್ಟ ನನಗೆ ಬಂದದ್ದು ಒಂದು ಸುಳ್ಳಿನಿಂದ.

ಅಪ್ಪ ಸುರಪುರದಲ್ಲಿ ಸಾಹೇಬರ ಕ್ಲಬ್ಬಿನ ಟೆನಿಸ್ ಅಂಗಳ ನೋಡಿಕೊಳ್ಳುತ್ತಿದ್ದ. ಗರಸು ಮಣ್ಣಿನ ನೆಲಕ್ಕೆ ನೀರು ಹೊಡೆದು, ರೋಲರ್ ಎಳೆದು, ದಾರ ಕಟ್ಟಿ ಸುಣ್ಣದ ಗೆರೆ ಹಾಕುವುದು ಅವನ ಕೆಲಸ. ಸಾಹೇಬರು ಆಡುವುದು ಸಂಜೆ, ನಾನು ಬೆಳಿಗ್ಗೆ, ಅವರು ಬಿಟ್ಟುಹೋದ ಹಳೇ ರ‍್ಯಾಕೆಟ್ಟಿನಲ್ಲಿ. ಅಲ್ಲಿ ಚೆಂಡು ಗೆರೆಗೆ ತಾಗಿದರೆ ಸುಣ್ಣ ಹಾರುತ್ತಿತ್ತು. ಒಳಗೋ ಹೊರಗೋ ಎಂದು ವಾದ ಮಾಡುವ ಪ್ರಶ್ನೆಯೇ ಇರಲಿಲ್ಲ. ಯಾರಾದರೂ ಜಗ್ಗಾಡಿದರೂ ಅಪ್ಪ ಬಗ್ಗಿ ನೋಡಿ, "ಗೆರಿಗಿ ತಾಗ್ಯದ ಸಾಹೇಬ್ರ" ಅಂದರೆ ಮುಗಿಯಿತು. ತಿಂಗಳಿಗೊಮ್ಮೆ ಪಗಾರಕ್ಕೆ ಅಲೆಯುವ ಮನುಷ್ಯನ ಮಾತಿಗೆ ಆ ಅಂಗಳದಲ್ಲಿ ಅಷ್ಟು ಕಿಮ್ಮತ್ತಿತ್ತು.

ಯಾದಗಿರಿ ಜಿಲ್ಲೆಯಾದ ಹೊಸತರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೂ ಒಂದು ಟೂರ್ನಿ ಇಟ್ಟರು. ಬಂದವರು ಆರೇ ಜನ. ಆದರೆ ಮೊದಲ ಸ್ಥಾನದ ಸರ್ಟಿಫಿಕೇಟ್ ಸಿಕ್ಕರೆ ವ್ಯಾಯಾಮ ಶಿಕ್ಷಣದ ಕಾಲೇಜಿನಲ್ಲಿ ನನಗೆ ಸೀಟು ಸಿಗುತ್ತಿತ್ತು. ಇಲ್ಲದಿದ್ದರೆ ಕಕ್ಕೇರಾದಲ್ಲಿ ವರ ತಯಾರಿದ್ದ. ಅವ್ವ ಖಡಾಖಂಡಿತವಾಗಿ ಹೇಳಿದ್ದಳು: "ಗೆದ್ದು ಬಂದ್ರ ಕಾಲೇಜು. ಸೋತು ಬಂದ್ರ ಆ ಬ್ಯಾಟು ಅಟ್ಟದ ಮ್ಯಾಲ. ಮತ್ತ ಅಳಬ್ಯಾಡ." ವರ ಒಳ್ಳೆಯವನೇ ಇದ್ದಿರಬೇಕು. ನನ್ನ ಸಿಟ್ಟೆಲ್ಲ ಆ ಅಟ್ಟದ ಮೇಲಿತ್ತು.

ಫೈನಲ್ಲಿನಲ್ಲಿ ನನ್ನೆದುರು ಶಹಾಪುರದ ಗುಮಾಸ್ತರೊಬ್ಬರ ಮಗಳು, ಈಕೆ. ಅದು ಸಿಮೆಂಟಿನ ಅಂಗಳ, ಗೆರೆಗಳಿಗೆ ಬಣ್ಣ. ಚೆಂಡು ಬಿದ್ದರೆ ಏನೂ ಹಾರುವುದಿಲ್ಲ, ಗುರುತೂ ಉಳಿಯುವುದಿಲ್ಲ. ಗೆರೆ ನೋಡಲೆಂದು ಬೇರೆ ಜನ ಇರಲಿಲ್ಲ. ಯಾರ ಕಡೆ ಚೆಂಡು ಬೀಳುತ್ತದೋ ಅವರೇ ಒಳಗೋ ಹೊರಗೋ ಹೇಳಬೇಕು. ಆಟಕ್ಕೆ ಮೊದಲು ಆಕೆ ನಕ್ಕು, "ನೀ ಗೆರಿ ಹಾಕೋರ ಮಗಳಂತಲ್ಲ, ನಿನ್ನ ಮಾತಿಗಿ ನಂದೇನು ತಕರಾರಿಲ್ಲ ಬಿಡು" ಎಂದಿದ್ದಳು.

ಮೂರನೇ ಸೆಟ್. ನನಗೆ ಇನ್ನೊಂದೇ ಪಾಯಿಂಟ್ ಬೇಕಿತ್ತು. ಆಕೆಯ ಹೊಡೆತ ನನ್ನನ್ನು ದಾಟಿ ಹಿಂದಿನ ಗೆರೆಯ ಮೇಲೆ ಬಿತ್ತು. ಗೆರೆಯ ಮೇಲೆಯೇ, ಕಣ್ಣಾರೆ ಕಂಡೆ. ಒಪ್ಪಿಕೊಂಡಿದ್ದರೆ ಆಟ ಸಮ ಆಗುತ್ತಿತ್ತು, ಅಷ್ಟೇ. ಮುಂದೆ ನಾನೇ ಗೆಲ್ಲುತ್ತಿದ್ದೆನೋ ಏನೋ. ನನ್ನ ಬಾಯಿಂದ "ಔಟ್" ಎಂದು ಬಂತು. ಆಕೆ ಒಂದು ಗಳಿಗೆ ನನ್ನನ್ನೇ ನೋಡಿದಳು, ಆಮೇಲೆ ಬಲೆಯ ಹತ್ತಿರ ಬಂದು ಕೈ ಕುಲುಕಿದಳು. ಆ ಗೆರೆಯ ನೇರಕ್ಕೆ, ತಂತಿ ಬೇಲಿಯ ಆಚೆ, ಅಪ್ಪ ನಿಂತಿದ್ದ.

ಸುರಪುರಕ್ಕೆ ಮರಳುವ ಬಸ್ಸಿನಲ್ಲಿ ಅವನು ಕಿಟಕಿಯ ಆಚೆಗೇ ನೋಡುತ್ತ ಕೂತಿದ್ದ. ನನ್ನ ಭಂಡತನ ಎಂಥದೆಂದರೆ, "ಎಪ್ಪಾ, ನಿನಗ ಖುಷಿ ಆಗಿಲ್ಲೇನು?" ಎಂದು ಬೇರೆ ಕೇಳಿದೆ. "ಹಸಿವ್ಯಾಗ್ಯದ" ಎಂದ. ಸಾಯುವವರೆಗೂ ಆ ಚೆಂಡಿನ ಮಾತೆತ್ತಲಿಲ್ಲ. ಕಂಡಿದ್ದನೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಕಾಲೇಜು ಸೇರಿದೆ, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದೆ, ಶಹಾಪುರದಲ್ಲಿ ಈ ನೌಕರಿ ಹಿಡಿದೆ. ಎಷ್ಟೋ ಆಟ ನ್ಯಾಯವಾಗಿ ಗೆದ್ದೆ. ನಾಲ್ಕು ಬೆರಳು ಹೊರಗೆ ಬಿದ್ದ ಚೆಂಡನ್ನೂ ಒಳಗೆಂದು ಬಿಟ್ಟುಕೊಟ್ಟು ಕೋಚ್ ಹತ್ತಿರ ಬೈಸಿಕೊಂಡೆ. ಈಕೆ ಮರುವರ್ಷವೇ ಮದುವೆಯಾಗಿ ಆಟ ಬಿಟ್ಟಳೆಂದು ಯಾರೋ ಹೇಳಿದ ದಿನ ಉಣ್ಣದೆ ತಾಟು ಸರಿಸಿ ಎದ್ದೆ.

ಮಗಳು ಆಡುವಷ್ಟು ಹೊತ್ತು ಆಕೆ ದಿನಾ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಮೂರು ವಾರ ನಾನು ಆ ಕಡೆ ಸುಳಿಯಲಿಲ್ಲ. ಒಂದು ಬೆಳಿಗ್ಗೆ ಅವಳ ಮಗಳಿಗೂ ಇನ್ನೊಬ್ಬ ಹುಡುಗಿಗೂ ಚೆಂಡು ಒಳಗೋ ಹೊರಗೋ ಎಂದು ಜಗಳ ಹತ್ತಿತು. ಇಬ್ಬರೂ ನನ್ನ ಮುಖ ನೋಡಿದರು. ಇನ್ನೊಮ್ಮೆ ಆಡ್ರಿ ಎಂದು ಹೇಳಿ ನೇರ ಕಟ್ಟೆಗೆ ಹೋದೆ. ಹೋದರೆ ನೌಕರಿ ಹೋಗಲಿ, ಮರ್ಯಾದೆ ಹೋಗಲಿ.

"ಅವತ್ತಿನ ಚೆಂಡು ಒಳಗ ಬಿದ್ದಿತ್ತು. ನಾ ಸುಳ್ಳು ಹೇಳಿದೆ."

"ಗೊತ್ತದರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮರುದಿನಾನೇ ನಿಮ್ಮಪ್ಪಾರು ನಮ್ಮ ಮನಿಗಿ ಬಂದಿದ್ರು. ಚೆಂಡು ಗೆರಿಗಿ ತಾಗಿತ್ತವ್ವಾ, ನಾ ಕಂಡೀನಿ, ನೀ ಹೂಂ ಅಂದ್ರ ಈಗೇ ಯಾದಗಿರಿಗಿ ಹೋಗಿ ಹೇಳ್ತೀನಿ ಅಂದ್ರು."

ಅವಳ ಪಕ್ಕದಲ್ಲೇ ಕೂತುಬಿಟ್ಟೆ. "ನೀವೇನಂದ್ರಿ?"

"ಬ್ಯಾಡಂದೆ. ಹಂಗ ಹೇಳೋ ಹೊತ್ತಿನ್ಯಾಗ ಅವರು ತಲಿರುಮಾಲು ತಗದು ಕೈಯಾಗ ಹಿಡ್ಕೊಂಡು ನಿಂತಿದ್ರು. ನೋಡಾಕ ಆಗಲಿಲ್ಲ ನನಗ."

"ನನಗ್ಯಾಕ ಯಾರೂ ಹೇಳಲಿಲ್ಲ?"

"ಅವರೇ ಬ್ಯಾಡಂದಿದ್ರು. ಆಕಿ ತಾನೇ ಬಂದು ಹೇಳ್ತಾಳ, ನನಗೂ ಹೇಳ್ತಾಳ, ಅಲ್ಲಿತನಕ ಸುಮ್ನಿರವ್ವಾ ಅಂದ್ರು."

ಆಕೆಗೆ ಹದಿನೈದು ವರ್ಷ ತಡವಾಗಿಯಾದರೂ ಹೇಳಿದೆ. ಅಪ್ಪನಿಗೆ ಹೇಳಲೇ ಇಲ್ಲ.