ಅಪ್ಪನ ಪಿಕಪ್ಪಿನ ಕ್ಲಚ್ಚು

ನಾನು ಚಿಕ್ಕವಳಿದ್ದಾಗ ಅಪ್ಪನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿ ಇತ್ತು. ಅದರಷ್ಟು ಹಟಮಾರಿ ಗಾಡಿಯನ್ನು ನಾನು ಮತ್ತೆ ಕಂಡಿಲ್ಲ, ಮಕ್ಕಳೇ. ಅಪ್ಪನೂ ಅದಕ್ಕೆ ತಕ್ಕವನೇ. ಮರಾಠಿ ಸೀಮೆಯ ತಳೇಗಾಂವದ ಬರ್ಫದ ಕಾರ್ಖಾನೆಯಿಂದ ಮಂಜುಗಡ್ಡೆ ಹೇರಿಕೊಂಡು ಶಿವಾಜಿನಗರದ ಕಬ್ಬಿನ ಹಾಲಿನ ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸ.

ಬೇಸಿಗೆ ರಜೆಯ ಒಂದು ಬೆಳಿಗ್ಗೆ ನಾನೂ ಅಕ್ಕನೂ ಅವನ ಜೊತೆ ಹೊರಟೆವು. ನನಗೆ ಒಂಬತ್ತು, ಅಕ್ಕನಿಗೆ ಹದಿನಾರು. ಹಿಂದೆ ಮಂಜುಗಡ್ಡೆಯ ದಪ್ಪ ದಪ್ಪ ತುಂಡುಗಳು, ಅವುಗಳ ಮೇಲೆ ಭತ್ತದ ಹೊಟ್ಟು, ಅದರ ಮೇಲೆ ಒದ್ದೆ ಗೋಣಿಚೀಲ. ಮುಂದೆ ಕುಳಿತ ನಮ್ಮ ಬೆನ್ನಿಗೂ ತಂಪು ತಾಗುತ್ತಿತ್ತು. ಅಂದು ಒಂದು ಹೊಸ ಅಂಗಡಿಗೆ ಮೊದಲ ಸಲ ಬರ್ಫ ಕೊಡುವುದಿತ್ತು. ಹನ್ನೊಂದರೊಳಗೆ ಮುಟ್ಟದಿದ್ದರೆ ಬೇರೆಯವರಿಂದ ತರಿಸುತ್ತೇನೆಂದು ಅಂಗಡಿಯವನು ಮೊದಲೇ ಹೇಳಿಬಿಟ್ಟಿದ್ದ.

ಅರ್ಧ ದಾರಿಯಲ್ಲಿ ಅಪ್ಪ ಕ್ಲಚ್ ತುಳಿದ. ಪೆಡಲು ಟಪ್ಪೆಂದು ಕೆಳಗೆ ಹೋಗಿ ಅಲ್ಲೇ ಉಳಿಯಿತು. ಗೇರು ಬದಲಿಸಲು ಹೋದರೆ ಕರಕರ ಸದ್ದು. ಗಾಡಿ ಎಗರಿ ಎಗರಿ ಒಂದು ಹುಣಸೆಮರದ ಬಳಿ ನಿಂತಿತು.

ಅಪ್ಪ ಕೆಳಗೆ ತೂರಿ ನೋಡಿದ. ಪೆಡಲಿನಿಂದ ಹಿಂದಕ್ಕೆ ಹೋಗುವ ಕಬ್ಬಿಣದ ಸರಳು ಜೋತುಬಿದ್ದಿತ್ತು. ಅದನ್ನು ಮುಂದಿನ ತುಂಡಿಗೆ ಸೇರಿಸುವ ಪಿನ್ನು ಕಳಚಿ ಎಲ್ಲೋ ಬಿದ್ದಿತ್ತು. ಮೂವರೂ ಬಿಸಿಲಿನಲ್ಲಿ ಹಿಂದಕ್ಕೆ ನಡೆದು, ಹುಡುಕಿ ತಂದೆವು. ಅಪ್ಪ ಅದನ್ನು ಕೂಡಿಸಿ, ಜಾರದಂತೆ ತುದಿಗೆ ತಂತಿ ಬಿಗಿದ.

ಅಕ್ಕ ಬಗ್ಗಿ ನೋಡಿ, "ಅಪ್ಪಾ, ತಪ್ಪು ಪಿನ್ನಿಂದಲ್ಲ. ಅದು ಕೂಡೋ ತೂತು ಸವದು ದೊಡ್ಡದಾಗೇದ," ಎಂದಳು.

"ನಿನಗೇನ ತಿಳೀತದ? ಹತ್ತಿ ಕೂಡು," ಎಂದ ಅಪ್ಪ.

ಒಂದು ಮೈಲಿ ಹೋಗುವುದರೊಳಗೆ ಮತ್ತೆ ಟಪ್. ಮತ್ತೆ ಹುಡುಕಾಟ, ಇನ್ನೂ ದಪ್ಪನೆಯ ತಂತಿ. ಅಕ್ಕ ಮತ್ತೆ ಅದನ್ನೇ ಹೇಳಿದಳು, ಅಪ್ಪ ಮತ್ತೆ ಗದರಿದ. ಮೂರನೆಯ ಸಲ ಗಾಡಿ ನಿಂತಾಗ ಹಿಂದಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಹಸಿವೆ, ಸೆಕೆ, ಪೆಟ್ರೋಲಿನ ವಾಸನೆ ಎಲ್ಲ ಸೇರಿ ನನಗೆ ಅಳು ಬಂತು. ಅಪ್ಪ ಗಾಡಿಯ ಗಾಲಿಗೆ ಒದ್ದ.

"ಗಾಡಿಗ್ಯಾಕ ಒದೀತೀರಿ?" ಎಂದಳು ಅಕ್ಕ. "ನಾ ಮುಂಜಾನಿಂದ ಹೇಳಾಕತ್ತೀನಿ. ನನ್ನ ಹೊಲಿಗಿ ಮಷೀನಿನ ಪೆಡಲಿಗೂ ಹಿಂಗ ಆಗಿತ್ತು. ತಗಡ ಸುತ್ತಿ ಕೂಡಿಸೀನಿ. ಇನ್ನೂ ನಡೀತದ."

ಅಪ್ಪ ಹರಿಯುವ ನೀರನ್ನು ನೋಡಿದ. ಆಮೇಲೆ ಇಕ್ಕಳವನ್ನು ಅವಳ ಕೈಗಿತ್ತು, "ಮಾಡು ಹಂಗಾರ," ಎಂದ.

ಅಕ್ಕ ಖಾಲಿ ಎಣ್ಣೆ ಡಬ್ಬಿಯಿಂದ ತಗಡಿನ ಪಟ್ಟಿಯೊಂದನ್ನು ಕತ್ತರಿಸಿದಳು. ಲಂಗ ಎತ್ತಿ ಸಿಕ್ಕಿಸಿಕೊಂಡು ಗಾಡಿಯ ಕೆಳಗೆ ತೂರಿದಳು. ಪಟ್ಟಿಯನ್ನು ಪಿನ್ನಿಗೆ ಸುತ್ತಿ, ಸುತ್ತಿಗೆಯಿಂದ ತೂತಿನೊಳಗೆ ಬಡಿದಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ನಿಂತು ನೋಡಿ ನಕ್ಕರು. ಅಕ್ಕ ಕೆಳಗಿನಿಂದ ತುಳಿ ಎಂದಾಗ ನಾನು ಸೀಟಿನ ಅಂಚಿಗೆ ಜಾರಿ, ಕಾಲು ಚಾಚಿ ಪೆಡಲು ತುಳಿದೆ. ಅದು ಬಿಗಿಯಾಗಿ ನನ್ನ ಕಾಲನ್ನು ಮೇಲಕ್ಕೆ ತಳ್ಳಿತು.

ಮುಟ್ಟಿದಾಗ ಹನ್ನೆರಡು ದಾಟಿತ್ತು. ಕರಗಿ ಸಣ್ಣದಾದ ಗಡ್ಡೆಗಳನ್ನು ನೋಡಿ ಅಂಗಡಿಯವನು ಮರಾಠಿಯಲ್ಲಿ ಚೆನ್ನಾಗಿ ಬೈದ. ಆದರೆ ಅಂಗಡಿಯ ಮುಂದೆ ಜನ ನಿಂತಿದ್ದರು, ಹಾಗಾಗಿ ಇಳಿಸಿಕೊಂಡ, ನಾಳೆ ಹೊತ್ತಿಗೆ ಸರಿಯಾಗಿ ಬಾ ಎಂದ. ಗಾಡಿ ಕೆಟ್ಟಿತ್ತು ಎಂದು ಅಪ್ಪ ಹೇಳಿದಾಗ, ದಾರಿಯಲ್ಲಿ ಯಾರು ರಿಪೇರಿ ಮಾಡಿದರು ಎಂದು ಕೇಳಿದ.

"ನಾನೇ," ಎಂದುಬಿಟ್ಟ ಅಪ್ಪ.

ಅಕ್ಕ ಎಣ್ಣೆ ಮೆತ್ತಿದ ಅಂಗೈಗಳನ್ನು ನೋಡಿಕೊಂಡಳು. ಮರಳುವಾಗ ಊರ ಹೊರಗೆ ರಸ್ತೆ ಖಾಲಿಯಾದಾಗ, "ಒಂದೀಟು ನಾ ಓಡಿಸ್ಲೇನ್ರಿ ಅಪ್ಪಾ?" ಎಂದು ಕೇಳಿದಳು. ಹುಡುಗಿಯರು ಯಾರಾದರೂ ಗಾಡಿ ಓಡಿಸುತ್ತಾರೇನು ಎಂದ ಅಪ್ಪ. ಅವಳು ಕೂಡಿಸಿದ ತಗಡು ಆ ಗಾಡಿ ಮಾರುವವರೆಗೂ ಜಾರಲಿಲ್ಲ. ಅವಳಿಗೆ ಮಾತ್ರ ಒಂದು ದಿನವೂ ಸ್ಟಿಯರಿಂಗ್ ಸಿಗಲಿಲ್ಲ. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ.

ನಿಮ್ಮಮ್ಮ ದಿನಾ ಚಾಕಣದ ಕಾರ್ಖಾನೆಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಆ ಕಾರಿಗೆ ಕ್ಲಚ್ ಪೆಡಲೇ ಇಲ್ಲ. ಕೆಟ್ಟು ನಿಂತರೆ ಫೋನು ಮಾಡಿದರಾಯಿತು, ಯಾರೋ ಬಂದು ಒಯ್ಯುತ್ತಾರೆ. ರವಿವಾರ ಎಲ್ಲರೂ ಹೊರಟಾಗ ನೀವಿಬ್ಬರೂ ಹಿಂದಿನ ಸೀಟಿನಲ್ಲಿ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಅಮ್ಮ ಕಾರು ಓಡಿಸುವುದು ನಿಮಗೆ ನೋಡುವಂಥ ವಿಷಯವೇ ಅಲ್ಲ. ನಾನು ಮಾತ್ರ ಪಕ್ಕದಲ್ಲಿ ಕುಳಿತು, ದಾರಿ ಮುಗಿಯುವವರೆಗೂ ಅವಳ ಕೈಗಳನ್ನೇ ನೋಡುತ್ತಿರುತ್ತೇನೆ.