ರುವಾನ್ ಚರ್ಚಿನ ಚಪ್ಪಲಿ ಸಾಲು

ಫ್ರಾನ್ಸಿನ ರುವಾನ್ ನಗರದ ಹಳೇ ಚರ್ಚಿನ ಬಾಗಿಲಲ್ಲಿ ನಮ್ಮತ್ತೆ ಚಪ್ಪಲಿ ಬಿಟ್ಟರು. ಧಾರವಾಡದಿಂದ ಲಂಡನ್ನಿನ ನಮ್ಮ ಮನೆಗೆ ಬಂದವರನ್ನು ಊರು ತೋರಿಸಲು ಕರೆದೊಯ್ದಿದ್ದೆವು.

“ಇಲ್ಲಿ ಯಾರೂ ಬಿಡಂಗಿಲ್ರಿ ಅತ್ತಿ,” ಎಂದು ಪಿಸುಗುಟ್ಟಿದೆ.

“ಯಾವ ದೇವರಾದ್ರೇನವಾ, ಊರೆಲ್ಲಾ ತುಳದ ಚಪ್ಪಲಿ ಹಾಕ್ಕೊಂಡು ಒಳಗ ಹೋಗೂದೇನು?” ಎನ್ನುತ್ತ ಕಾಲುಚೀಲದಲ್ಲೇ ನಡೆದರು.

ಒಳಗೆ ಬಣ್ಣದ ಗಾಜು ನೋಡುವುದು ಬಿಟ್ಟು ನಾನು ಚಪ್ಪಲಿಯ ಚಿಂತೆಯಲ್ಲೇ ಸುತ್ತಿದೆ. ಹೊರಬಂದಾಗ ಅವು ಇದ್ದಲ್ಲೇ ಇದ್ದವು. ಪಕ್ಕದಲ್ಲಿ ನಾಲ್ಕಾರು ಜೊತೆ ಬೂಟುಗಳು ಸಾಲಾಗಿ ಕೂತಿದ್ದವು. ಪ್ರವಾಸಿ ಮುದುಕರೊಬ್ಬರು ಹೆಂಡತಿಯ ಹೆಗಲು ಹಿಡಿದು ಲೇಸು ಬಿಚ್ಚುತ್ತಿದ್ದರು. ನಮ್ಮತ್ತೆ ಮೆಚ್ಚುಗೆಯಿಂದ ತಲೆಯಾಡಿಸಿ, ತಮ್ಮ ಚಪ್ಪಲಿ ಮೆಟ್ಟಿ ಹೊರಟರು.

ಆ ಚರ್ಚಿನ ಗೋಪುರ ಹೇಗಿತ್ತೆಂದು ಕೇಳಿದರೆ ನೆನಪಿಲ್ಲ. ಸಂಪ್ರದಾಯ ಹೇಗೆ ಹುಟ್ಟುತ್ತದೆಂದು ಕೇಳಿ, ಹೇಳುತ್ತೇನೆ: ಯಾರಾದರೂ ಒಬ್ಬರು ಮೊದಲು ಚಪ್ಪಲಿ ಬಿಟ್ಟರೆ ಸಾಕು.