ಬ್ಯಾಂಕ್ ಪರೀಕ್ಷೆಯೆಂದು ಹೇಳಿದ್ದೆವು

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹೀಗಾಗಿ ಪದವಿಯ ನಂತರ ಏನು ಎಂಬ ಪ್ರಶ್ನೆಗೆ ಹೊಳನಗದ್ದೆಯ ಆ ಮನೆಯಲ್ಲಿ ಉತ್ತರ ಬಲ್ಲವರು ಯಾರೂ ಇರಲಿಲ್ಲ. ದೂರದ ವಿಶ್ವವಿದ್ಯಾಲಯವೊಂದರಲ್ಲಿ ಪ್ರವೇಶ ಪರೀಕ್ಷೆ ಬರೆದು ಭಾಷಾವಿಜ್ಞಾನದ ಎಂ.ಎ. ಓದಬೇಕೆಂದು ನಾನು ಹೇಳಿದಾಗ, ಗಾರೆ ಕೆಲಸ ಮುಗಿಸಿ ಬಂದು ಕೈ ತೊಳೆಯುತ್ತಿದ್ದ ಅಪ್ಪ ಅದು ಎಂತಹ ವಿಷಯವೆಂದು ವಿಚಾರಿಸಲಿಲ್ಲ.

“ಒಂದ್ ಸಲ ಪರೀಕ್ಷೆ ಬರಿ. ಸೀಟ್ ಸಿಕ್ರೆ ಹೋಗು. ಸಿಕ್ಕದಿದ್ರೆ ಕುಮಟೆಲಿ ಮಾವ ಹೇಳಿದ ಬಟ್ಟೆ ಅಂಗಡಿ ಕೆಲ್ಸಕ್ಕೆ ಹೋಗು. ಆತಾ?”

“ಆತು” ಎಂದೆ.

ಅಮ್ಮನ ಚಿಂತೆ ಬೇರೆ. “ಊರಿಗೆಲ್ಲ ಹೇಳ್ಕಂಡು ತಿರ್ಗಬೇಡ. ಆಗೂಕಿಂತ ಮೊದ್ಲೇ ಹೇಳಿದ್ರೆ ಕಣ್ಣು ತಾಗ್ತದೆ. ಕೇಳಿದವ್ರಿಗೆ ಬ್ಯಾಂಕ್ ಪರೀಕ್ಷೆ ಅನ್ನು.” ನಮ್ಮ ಕಡೆ ಪದವಿ ಮುಗಿಸಿ ಮನೆಯಲ್ಲಿ ಪುಸ್ತಕ ಹಿಡಿದು ಕುಳಿತವರೆಲ್ಲ ಸಾಮಾನ್ಯವಾಗಿ ಬ್ಯಾಂಕ್ ಪರೀಕ್ಷೆಯವರೇ ಆಗಿರುವುದರಿಂದ ಯಾರಿಗೂ ಸಂಶಯ ಬರಲಿಲ್ಲ.

ಬೇಲಿಯಾಚೆಯ ಮನೆಯ ಮೌಶಿಗೆ ಮಾತ್ರ ಆ ಪರೀಕ್ಷೆಯ ಮೇಲೆ ವಿಪರೀತ ಆಸಕ್ತಿ. ನಾನು ಫೋನಿನಲ್ಲಿ ಸಮಯವಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿರುವಾಗಲೇ ಅವರು ಹಿತ್ತಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

“ಎಷ್ಟ್ ಓದ್ತೆ ಮಾರಾಯ್ತಿ? ಮ್ಯಾನೇಜರ್ ಆಗೂಕೆ ಇಷ್ಟೆಲ್ಲ ಬೇಕಾ?”

“ಬೇಕು ಮೌಶಿ.”

“ಆದ್ಮೇಲೆ ಮೊದ್ಲ ಲೋನ್ ನಂಗೆ. ಮರೀಬೇಡ.”

ಅಷ್ಟರಲ್ಲಿ ಸಮಯ ಮುಗಿದು ಫೋನಿನ ಗಂಟೆ ಹೊಡೆದು, ಉತ್ತರಿಸದ ಪ್ರಶ್ನೆಗಳು ಹಾಗೆಯೇ ಉಳಿಯುತ್ತಿದ್ದವು.

ಪರೀಕ್ಷಾ ಕೇಂದ್ರ ಭಟ್ಕಳದಲ್ಲಿ ಸಿಕ್ಕಿತು. ಬಸ್ಸು ಹೊನ್ನಾವರ ದಾಟಿ ಶರಾವತಿ ಸೇತುವೆಯ ಮೇಲೆ ಹೋಗುವಾಗಲೂ ನಾನು ಕಿಟಕಿಯಾಚೆ ನೋಡದೆ ಪ್ರವೇಶಪತ್ರವನ್ನೇ ಓದುತ್ತಿದ್ದೆ. ಭಟ್ಕಳದಲ್ಲಿ ಇಳಿದು ಒಂದು ಅಂಗಡಿಯಲ್ಲಿ ದಾರಿ ಕೇಳಿದೆ. ಅಂಗಡಿಯವರು ಒಳಗಿದ್ದ ತಮ್ಮನೊಂದಿಗೆ ತಮ್ಮ ಮನೆಮಾತಾದ ನವಾಯತಿಯಲ್ಲಿ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ನನಗೆ ಕನ್ನಡದಲ್ಲಿ ದಾರಿ ಹೇಳಿ, ಹೊರಗೆ ನಿಂತಿದ್ದ ರಿಕ್ಷಾದವನಿಗೆ ಉರ್ದುವಿನಲ್ಲಿ ನನ್ನನ್ನು ಒಪ್ಪಿಸಿ, ಮತ್ತೆ ತಮ್ಮನ ಕಡೆ ತಿರುಗಿದರು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಎಂಬುದೊಂದೇ.

ಅಂಕ ಬಂದವು; ಕೈಬಿಡುವಷ್ಟು ಕಡಿಮೆಯಲ್ಲ, ನೆಚ್ಚುವಷ್ಟು ಹೆಚ್ಚೂ ಅಲ್ಲ. ಸೀಟು ಸಂದರ್ಶನದ ಮೇಲೆ ನಿಂತಿತು. ಅದೇ ವಾರ ಮಾವ ಫೋನ್ ಮಾಡಿ, ಬಟ್ಟೆ ಅಂಗಡಿಯವರು ಇನ್ನು ಹೆಚ್ಚು ದಿನ ಕಾಯುವುದಿಲ್ಲವೆಂದರು.

ಸಂದರ್ಶನ ಆನ್‌ಲೈನ್‌ನಲ್ಲಿತ್ತು. ಗೆಳತಿಯ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲಿಟ್ಟು, ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು ಕುಳಿತೆ. ಪರದೆಯಲ್ಲಿ ಮೂವರು ಅಧ್ಯಾಪಕರು. ಈ ವಿಷಯವನ್ನೇ ಏಕೆ ಆರಿಸಿದಿರಿ ಎಂದು ಅವರು ಕೇಳಿದೊಡನೆ, ನಿಘಂಟು ನೋಡಿ ಬರೆದು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಉತ್ತರವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ಒಬ್ಬರು ಕನ್ನಡಕ ಒರೆಸಿಕೊಂಡರು. ಇನ್ನೊಬ್ಬರು ಬೇರೆಲ್ಲೋ ನೋಡುತ್ತಿದ್ದರು. ಬಟ್ಟೆ ಅಂಗಡಿಯ ಕೌಂಟರು ನನ್ನ ಕಣ್ಣ ಮುಂದೆ ಬಂತು.

ಆಗ ಹಿತ್ತಲ ಬಾಗಿಲು ತೆರೆಯಿತು. ಗುಟ್ಟು ಕಾಯ್ದ ಫಲವಾಗಿ, ಆ ಹೊತ್ತಿನಲ್ಲಿ ಬರಬಾರದೆಂದು ಯಾರಿಗೂ ತಿಳಿದಿರಲಿಲ್ಲ. ತಟ್ಟೆಯ ತುಂಬ ಹಲಸಿನ ಹಣ್ಣಿನ ತೊಳೆ ಹಿಡಿದು ಮೌಶಿ ನಿಂತಿದ್ದರು.

“ಜೇವಣ ಜಾಲ್ಲೆ ಗೋ?”

“ಊಟ ಆತು ಮೌಶಿ. ಅಮ್ಮ ಗದ್ದೆಗೆ ಹೋಗ್ಯದೆ. ಸ್ವಲ್ಪ ನಿಲ್ಲಿ” ಎಂದುಬಿಟ್ಟು, ಗಾಬರಿಯಿಂದ ಪರದೆಯ ಕಡೆ ತಿರುಗಿ ಕ್ಷಮೆ ಕೇಳಿದೆ.

ಮೂರನೆಯವರಾದ ಅಧ್ಯಾಪಕಿ ಮುಂದಕ್ಕೆ ಬಾಗಿದರು. ಬಂದವರು ಯಾರು, ನೀವಿಬ್ಬರೂ ಒಂದೇ ಭಾಷೆಯಲ್ಲಿ ಮಾತನಾಡಿದಿರಾ ಎಂದು ಕೇಳಿದರು. ಹೌದು ಎಂದೆ. ಮರುಕ್ಷಣವೇ ಅಲ್ಲ ಎಂದೆ.

ಮೌಶಿ ನನ್ನೊಡನೆ ಎಂದೂ ಕನ್ನಡ ಮಾತನಾಡಿದವರಲ್ಲ. ನಾನು ಅವರೊಡನೆ ಎಂದೂ ಕೊಂಕಣಿ ಮಾತನಾಡಿದವಳಲ್ಲ. ನಾನು ಹುಟ್ಟಿದಂದಿನಿಂದ ನಮ್ಮ ನಮ್ಮ ಭಾಷೆಯನ್ನು ನಾವು ಬಿಡದೆಯೇ ಜಗಳ, ತಮಾಷೆ, ಸಮಾಧಾನ ಎಲ್ಲವನ್ನೂ ನಡೆಸಿದ್ದೆವು. ಈ ಬರಹದ ಆರಂಭದಲ್ಲಿ ಮೌಶಿಯ ಲೋನಿನ ಮಾತನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. ಅವರು ಹೇಳಿದ್ದು ಕೊಂಕಣಿಯಲ್ಲಿ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದಿದೆ.

ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಅವರಿಗೆ ಕನ್ನಡ ಬರುತ್ತದೆಯೇ? ಬೈಯುವಾಗಲೂ ಭಾಷೆ ಬದಲಾಗುವುದಿಲ್ಲವೇ? ಗುರುತಿಲ್ಲದವರೊಡನೆ ಹೇಗೆ? ನಾನು ಭಟ್ಕಳದ ಅಂಗಡಿಯವರ ಸಂಗತಿ ಹೇಳಿದೆ. ಬಾಯಿಪಾಠ ಮಾಡಿದ ವಾಕ್ಯಗಳು ಎಲ್ಲಿ ಹೋದವೋ ತಿಳಿಯದು. ನನ್ನ ಇಂಗ್ಲಿಷ್ ಅಲ್ಲಲ್ಲಿ ಮುಗ್ಗರಿಸಿತು, ಆದರೂ ಮೂವರೂ ಬರೆದುಕೊಳ್ಳುತ್ತಿದ್ದರು. ನನಗೆ ಕೊಟ್ಟ ಸಮಯ ಮುಗಿದುಹೋಗಿತ್ತು. ಯಾರೂ ನಿಲ್ಲಿಸಲಿಲ್ಲ. ಈ ವಿಷಯವನ್ನು ಏಕೆ ಆರಿಸಿದೆನೆಂಬುದು ಆ ಹೊತ್ತಿನಲ್ಲಿ ನನಗೂ ತಿಳಿಯಿತು.

ಪರದೆ ಆರಿದ ಮೇಲೆ, ಅಷ್ಟು ಹೊತ್ತೂ ತಟ್ಟೆ ಹಿಡಿದೇ ನಿಂತಿದ್ದ ಮೌಶಿ ಕೇಳಿದ್ದು, ಬ್ಯಾಂಕಿನವರು ಕೆಲಸ ಕೊಡುವ ಮೊದಲು ನೆರೆಮನೆಯವರ ವಿಚಾರವನ್ನೂ ಕೇಳುತ್ತಾರೆಯೇ ಎಂದು. ಎರಡು ತೊಳೆ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಉತ್ತರ ತಪ್ಪಿಸಿಕೊಂಡೆ.

ಆಯ್ಕೆಯಾದವರಲ್ಲಿ ನನ್ನ ಹೆಸರಿತ್ತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಈಗ ಹೇಳ್ಲಕ್ಕು” ಎಂದಳು. ನೇರವಾಗಿ ಬೇಲಿಯ ಬಳಿ ಹೋಗಿ ಮೌಶಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಇಷ್ಟೇ:

“ಮಗೆಲೆ ಲೋನ್?”

“ನಿಮ್ಮ ಲೋನ್ ಹೋಯ್ತು ಮೌಶಿ. ನಿಮ್ಮಿಂದ್ಲೇ ಹೋದದ್ದು” ಎಂದೆ. ಅವರು ನಗುತ್ತ ಬೇಲಿ ಸುತ್ತಿ ಬಂದು ನನ್ನ ಕೆನ್ನೆ ಹಿಂಡಿದರು.

ಸಂಜೆ ಅಪ್ಪ ಅಂಗಳದಲ್ಲಿ ನಿಂತು ಮಾವನಿಗೆ ಫೋನ್ ಮಾಡಿದರು. “ಅಂಗಡಿಗೆ ಬೇರೆ ಯಾರನ್ನಾರೂ ನೋಡು. ನಮ್ಮ ಹುಡ್ಗಿ ಎಂ.ಎ. ಓದೂಕೆ ಹೋಗ್ತದೆ.” ಮಾವನಿಗೆ ಕೇಳಿಸುವುದಕ್ಕೆ ಅಷ್ಟು ದೊಡ್ಡ ದನಿ ಬೇಕಿರಲಿಲ್ಲ. ಅತ್ತ ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡಿದರು. ಕಣ್ಣು ತಾಗುತ್ತದೆ ಎಂದು ಅಮ್ಮ ಹೇಳಲಿಲ್ಲ.